ಮಗಳಿಗೊಂದು ಪತ್ರ: ನೋಟಿಸ್ ಪೀರಿಯಡ್ ಮುಗಿಯೋದ್ರೊಳಗೆ

ಪ್ರೀತಿಯ ಪುಟ್ಟಿ,

ಫೋನಲ್ಲಿ ಹೇಳಕ್ಕೆ ಶುರು ಮಾಡಿದ್ರೆ ಪಾಪು ಅಳ್ತದೆ, ಇಲ್ಲಾಂದ್ರೆ ಚಿನ್ನು ಫೋನ್ ಕಿತ್ಕೊಳ್ತಾಳೆ, ನೀನು "ಆಯ್ತಮ್ಮ ನೋಡ್ತೀನಿ" ಅಂತ ಇಟ್ಬಿಡ್ತೀಯ. ಅದ್ಕೇ ಬರೀತಿದೀನಿ. ಮಕ್ಕಳು ಮಲಗಿದ್ಮೇಲೆ ಓದು, ಅಳಿಯಂದ್ರಿಗೂ ಓದಕ್ಕೆ ಕೊಡು.

ಅವ್ರು ಬೆಂಗಳೂರಿನ ಕೆಲ್ಸ ಬಿಟ್ಟು ಶಿವಮೊಗ್ಗದಲ್ಲೇ ಅಂಗಡಿ ಇಡ್ತೀನಿ ಅಂದಿದ್ದು ನಂಗೂ ಅಪ್ಪಂಗೂ ನಿಜಕ್ಕೂ ಖುಷಿ. ಆದ್ರೆ ಕೆಲ್ಸದ ಜೊತೆಗೇ ಕಂಪನಿ ಇನ್ಶೂರೆನ್ಸೂ ಹೋಗ್ತದಲ್ಲ ಮಗ, ಅದ್ರ ಬಗ್ಗೆ ನಿಮ್ಮಿಬ್ರ ಬಾಯಲ್ಲೂ ಒಂದು ಮಾತು ಬರ್ಲಿಲ್ಲ. ಅಂಗಡಿ ಅಡ್ವಾನ್ಸ್ ಎಷ್ಟು, ರ‍್ಯಾಕ್ ಮಾಡ್ಸಕ್ಕೆ ಎಷ್ಟು ಅಂತೆಲ್ಲ ಲೆಕ್ಕ ಹಾಕಿದೀರಿ, ಎರಡು ಮಕ್ಕಳಿರೋ ಮನೇಲಿ ಆಸ್ಪತ್ರೆ ಲೆಕ್ಕ ಎಲ್ಲಿ? ಅವ್ರ ನೋಟಿಸ್ ಪೀರಿಯಡ್ ಇನ್ನೂ ಮುಗ್ದಿಲ್ಲ ಅಂದ್ಯಲ್ಲ, ಈ ಟೈಮ್ ಬಹಳ ಮುಖ್ಯ. ಕಂಪನಿ ಪಾಲಿಸಿ ಚಾಲ್ತಿಲಿರುವಾಗ್ಲೇ ಅದೇ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಸ್ವಂತ ಫ್ಯಾಮಿಲಿ ಪಾಲಿಸಿಗೆ ಬದಲಾಯಿಸ್ಕೊಂಡ್ರೆ, ಇಷ್ಟು ವರ್ಷ ಕವರ್ ಇದ್ದಿದ್ದು ಕ್ಲೈಮ್ ಕೊಡೋ ಮುಂಚೆ ಕಾಯಿಸೋ ವೇಟಿಂಗ್ ಪೀರಿಯಡ್‌ಗೆ ಲೆಕ್ಕಕ್ಕೆ ಬರ್ತದೆ. ಬಿಟ್ಟು ಆಮೇಲೆ ಹೊಸದು ಮಾಡ್ಸಿದ್ರೆ ಎಲ್ಲಾ ಸೊನ್ನೆಯಿಂದ ಶುರು, ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವ್ದಕ್ಕೂ ಕೊಡಲ್ಲ, ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೂ ಕಾಯಿಸ್ಬಹುದು. ಹಾಗಾಗಿ ನಾಳೆನೇ ಎಚ್‌ಆರ್‌ಗೆ ಮೇಲ್ ಹಾಕಕ್ಕೆ ಹೇಳು.

ಕಾಯಿಲೆ ಅಂದ್ರೆ ನಾನು ಹೇಳ್ತಿರೋದು ಚಿನ್ನು ದಮ್ಮಿನ ವಿಷ್ಯ. ಏಜೆಂಟು "ಅದನ್ನೆಲ್ಲ ಫಾರಂನಲ್ಲಿ ಬರೀಬೇಡಿ ಮೇಡಂ, ಮಕ್ಕಳಿಗೆ ಮಳೆಗಾಲದಲ್ಲಿ ಇದೆಲ್ಲ ಕಾಮನ್ನು" ಅಂದ್ರು ಅಂತ ಹೇಳಿದ್ಯಲ್ಲ, ಅದನ್ನ ಕೇಳಿದ್ಮೇಲೆ ನಂಗೆ ಸರಿಯಾಗಿ ನಿದ್ದೆ ಬಂದಿಲ್ಲ. ಆಷಾಢದ ಮಳೇಲಿ ಆ ಕೂಸಿನ ಪಕ್ಕೆ ಒಳಗೆಳ್ಕೊಂಡು ಎದೆ ಸುಯ್ ಅಂತ ಸದ್ದು ಮಾಡ್ತಿದ್ದಾಗ, ನೆಬ್ಯುಲೈಸರ್ ಮಾಸ್ಕ್ ಹಿಡ್ಕೊಂಡು ಮಡಿಲಲ್ಲಿ ಕೂರಿಸ್ಕೊಂಡಿದ್ದವಳು ನೀನೇ ಅಲ್ವಾ? ಆ ಚೀಟಿಗಳೆಲ್ಲ ಆಸ್ಪತ್ರೆ ದಾಖಲೆಲಿ ಇರ್ತವೆ. ನಾಳೆ ಅಡ್ಮಿಟ್ ಆದಾಗ ವಿಮೆಯವ್ರು ಹಳೇ ಫೈಲ್ ತರಿಸ್ತಾರೆ, ಮುಚ್ಚಿಟ್ಟಿದೀರಿ ಅಂತ ಕ್ಲೈಮ್ ತಿರಸ್ಕರಿಸ್ತಾರೆ, ಆಗ ಏಜೆಂಟ್ ಫೋನ್ ಎತ್ತಲ್ಲ. ಬರಿ. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗ್ಲಿ, ಕಾಯ್ಬೇಕಾಗಿ ಬಂದ್ರೆ ಕಾಯೋಣ, ಆದ್ರೆ ಇರೋದನ್ನ ಇದ್ದ ಹಾಗೆ ಬರಿ.

ಪಾಲಿಸಿ ಕಾಗದ ಬಂದ್ಮೇಲೆ ಮೊದ್ಲು ನೋಡ್ಬೇಕಾಗಿದ್ದು ರೂಮ್ ಬಾಡಿಗೆ ಮಿತಿ. ದಿನಕ್ಕೆ 5,000 ಅಂತಿದ್ದು ನೀವು 10,000ದ ರೂಮಲ್ಲಿದ್ರೆ, ಕೈಯಿಂದ ಹೋಗೋದು ಬರೀ ರೂಮಿನ ವ್ಯತ್ಯಾಸ ಅಲ್ಲ, ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜು, ನರ್ಸಿಂಗು ಎಲ್ಲದ್ರಲ್ಲೂ ಅರ್ಧಕ್ಕರ್ಧ ಕತ್ತರಿಸ್ತಾರೆ. ಇದು ಎಷ್ಟೋ ಜನಕ್ಕೆ ಡಿಸ್ಚಾರ್ಜ್ ದಿನವೇ ಗೊತ್ತಾಗೋದು. ರೂಮ್ ಮಿತಿ ಇಲ್ಲದ ಪಾಲಿಸಿ ತಗೊಳಿ, ಕೋ-ಪೇ, ಅಂದ್ರೆ ಬಿಲ್ಲಲ್ಲಿ ಒಂದು ಪಾಲು ನೀವೇ ಕಟ್ಬೇಕು ಅನ್ನೋ ಷರತ್ತು, ಇಲ್ಲದ್ದು ತಗೊಳಿ. ಓದಿ ನೋಡಿ ಸರಿ ಕಾಣ್ಲಿಲ್ಲ ಅಂದ್ರೆ 30 ದಿನದೊಳಗೆ ವಾಪಸ್ ಮಾಡ್ಬಹುದು, ಹಿಂಜರೀಬೇಡ. ಮತ್ತೆ ಅತ್ತೆ ಮಾವನ್ನ ನಿಮ್ ನಾಲ್ಕು ಜನದ ಪಾಲಿಸಿಗೆ ಸೇರಿಸ್ಬೇಡಿ. ಹೀಗೆ ಮನೆಯವ್ರೆಲ್ಲ ಒಂದೇ ಪಾಲಿಸಿಲಿರೋ ಫ್ಲೋಟರ್‌ನಲ್ಲಿ ಎಲ್ಲರಿಗಿಂತ ದೊಡ್ಡವರ ವಯಸ್ಸು ನೋಡಿ ಪ್ರೀಮಿಯಂ ಹಾಕ್ತಾರೆ, ಅವ್ರಿಗೆ ಬೇರೇನೇ ಮಾಡ್ಸಿ, ಇದು ಅವರನ್ನ ದೂರ ಇಡೋ ಮಾತಲ್ಲ, ಅತ್ತೆ ಹತ್ರ ನಾನೇ ಬೇಕಾದ್ರೆ ಮಾತಾಡ್ತೀನಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತಕ್ಕೆ ಮಾಡ್ಸೋ ಹೆಲ್ತ್ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಮುಂಚೆ ಶೇಕಡ 18 ಇತ್ತು. ಏಜೆಂಟ್ ಕೊಟ್ಟ ಕೊಟೇಶನ್ನಲ್ಲಿ ಅದು ಸೇರಿದ್ಯಾ ನೋಡು.

ಇನ್ನು ರೇಷನ್ ಕಾರ್ಡ್. ನೀನು "ನಮ್ಗೆ ಅಕ್ಕಿ ಏನಕ್ಕೆ ಬೇಕಮ್ಮ" ಅಂತೀಯ. ಅಕ್ಕಿಗಲ್ಲ ಮಗಳೇ. ನಮ್ ರಾಜ್ಯದಲ್ಲಿ ಆಸ್ಪತ್ರೆ ಖರ್ಚಿನ ಸರ್ಕಾರಿ ಯೋಜನೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ನಡೆಯೋದೇ ರೇಷನ್ ಕಾರ್ಡ್ ಮೇಲೆ. ಬಿಪಿಎಲ್ ಆದ್ರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದ್ರೆ ಆ ಚಿಕಿತ್ಸೆಗೆ ಗೊತ್ತು ಮಾಡಿರೋ ಪ್ಯಾಕೇಜ್ ದರದ ಶೇಕಡ 30 ಸರ್ಕಾರ ಕೊಡ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ತನಕ. ನಿಮ್ಮತ್ತೆ ಮನೇದು ಎಪಿಎಲ್, ಇರ್ಲಿ, ಶೇಕಡ 30 ಅಂದ್ರೂ ಐಸಿಯು ಬಿಲ್ಲಲ್ಲಿ ಸಣ್ಣ ದುಡ್ಡಲ್ಲ. ಆದ್ರೆ ನಿನ್ನ ಹೆಸ್ರು ಇನ್ನೂ ತೀರ್ಥಹಳ್ಳಿಯ ನಮ್ ಕಾರ್ಡಲ್ಲೇ ಇದೆ, ಮಕ್ಕಳ ಹೆಸ್ರು ಅಲ್ಲೂ ಇಲ್ಲ ಇಲ್ಲೂ ಇಲ್ಲ. ಇಲ್ಲಿಂದ ನಿನ್ನ ಹೆಸ್ರು ತೆಗ್ಸೋ ಕೆಲ್ಸ ಅಪ್ಪಂಗೆ ವಹಿಸಿದೀನಿ. ಆಮೇಲೆ ಸಾಗರದ ನಿಮ್ಮತ್ತೆ ಮನೆ ಕಾರ್ಡಿಗೆ ನಿಮ್ ಮೂರು ಜನದ ಹೆಸ್ರು ಸೇರಿಸ್ಬೇಕು, ಸೇರ್ಪಡೆಗೆ ಸರ್ವರ್ ಯಾವಾಗ್ಲೂ ತೆರೆದಿರಲ್ಲ, ತೆರೆದ ದಿನ ಹೋಗಕ್ಕೆ ಕಾಗದ ರೆಡಿ ಇರ್ಬೇಕು. ಚಿನ್ನುಗೆ 5 ವರ್ಷ ಆದ್ಮೇಲೆ ಆಧಾರ್‌ಗೆ ಬೆರಳಚ್ಚು ಕೊಡ್ಸಿದ್ಯಾ? ಇಲ್ಲಾಂದ್ರೆ ಮೊದ್ಲು ಅದು.

ಆಶಾ ಕಾರ್ಯಕರ್ತೆ ಕೆಲ್ಸ ಅಂತ ಇಷ್ಟು ವರ್ಷ ಮನೆಮನೆ ತಿರುಗಿದ್ದಕ್ಕೆ ಇದನ್ನೆಲ್ಲ ಇಷ್ಟು ಒತ್ತಿ ಹೇಳ್ತಿರೋದು. ನಮ್ಮೂರಲ್ಲಿ ಅಡಿಕೆ ಕೊನೆ ಕೊಯ್ಯೋ ಒಬ್ಬ ಕೊನೆಗಾರನ ಮಗಳು, ಅಂಗನವಾಡಿಗೆ ಮಕ್ಕಳನ್ನ ತಪಾಸಣೆ ಮಾಡೋ ಸರ್ಕಾರಿ ಯೋಜನೆಯ ಆರ್‌ಬಿಎಸ್‌ಕೆ ಡಾಕ್ಟರು ಬಂದಿದ್ದಾಗ ಎಲ್ಲಾ ಮಕ್ಕಳ ಹಾಗೆ ಅವಳೂ ಲೈನಲ್ಲಿ ನಿಂತಿದ್ಲು, ಡಾಕ್ಟರು ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟೋರು ತೆಗೀಲೇ ಇಲ್ಲ, ಮತ್ತೆ ಮತ್ತೆ ಜಾಗ ಬದಲಾಯಿಸಿ ಕೇಳಿದ್ರು, ಆಮೇಲೆ ಅವಳ ಬೆರಳು ಹಿಡ್ದು ಉಗುರು ನೋಡಿದ್ರು. ಹೃದಯದಲ್ಲಿ ತೂತಿತ್ತು. ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗೆ ಕಳ್ಸಿ, ಅಲ್ಲಿಂದ ಬೆಂಗಳೂರಿಗೆ ಹೋಗಿ ಆಪರೇಷನ್ ಆಯ್ತು, ಮನೆಯವ್ರು ಆಪರೇಷನ್‌ಗೆ ಅಂತ ಒಂದು ರೂಪಾಯಿ ಕಟ್ಲಿಲ್ಲ. ಈಗ ಶಾಲೆಗೆ ಓಡ್ಕೊಂಡೇ ಹೋಗ್ತಾಳೆ. ಅದೇ ಊರಲ್ಲಿ ತೋಟ ಗೀಟ ಇದ್ದ ಅನುಕೂಲಸ್ಥರು, ಮಗುವಿನ ಹೆಸ್ರು ಯಾವ್ದ್ರಲ್ಲೂ ಇಲ್ಲ, ಪಾಲಿಸಿನೂ ಇಲ್ಲ, ರಾತ್ರೋರಾತ್ರಿ ಆಗುಂಬೆ ಘಾಟಿ ಇಳ್ದು ಕರಾವಳಿ ಕಡೆ ಆಸ್ಪತ್ರೆಗೆ ಹೋಗಿ ಮಗೂನ ಉಳಿಸ್ಕೊಂಡ್ರು, ಬಂಗಾರ ಎಲ್ಲ ಅಡವಿಟ್ರು, ಆ ಸಾಲ ಇನ್ನೂ ತೀರಿಲ್ಲ.

ಹಾಗಾಗಿ ಚಿನ್ನು ಶಾಲೆಗೆ ಆರ್‌ಬಿಎಸ್‌ಕೆಯವ್ರು ತಪಾಸಣೆಗೆ ಬರ್ತಾರಾ ಕೇಳು, ಅವ್ರು ಸರ್ಕಾರಿ ಮತ್ತೆ ಅನುದಾನಿತ ಶಾಲೆಗಳಿಗೆ ಹೋಗೋದು, ನೀವು ಸೇರ್ಸಿರೋದು ಪ್ರೈವೇಟ್. ಬರಲ್ಲ ಅಂದ್ರೆ ಮೆಗ್ಗಾನ್ ಮಕ್ಕಳ ವಿಭಾಗದಲ್ಲಿ ವರ್ಷಕ್ಕೊಂದ್ಸಲ ನೀನೇ ತೋರ್ಸು. ಕ್ಯೂ ಇರ್ತದೆ, ನಿಲ್ಬೇಕಾಗ್ತದೆ, ಆದ್ರೆ ಅಲ್ಲಿ ಮೆಡಿಕಲ್ ಕಾಲೇಜಿನ ಡಾಕ್ಟರು ಇರ್ತಾರೆ. ಪಾಪುಗೆ ವರ್ಷ ತುಂಬೋ ತನಕ ಸರ್ಕಾರಿ ಆಸ್ಪತ್ರೇಲಿ ಚಿಕಿತ್ಸೆ, ಔಷಧಿ ಎಲ್ಲಾ ಉಚಿತ. ಲಸಿಕೆಗೆ ಕ್ಲಿನಿಕ್ಕಲ್ಲಿ ಸಾವಿರಾರು ರೂಪಾಯಿ ಕೊಟ್ಟೆ ಅಂದೆ, ನ್ಯುಮೋನಿಯಾದ ಪಿಸಿವಿ, ಭೇದಿಯ ರೋಟಾ, ದಡಾರ ರುಬೆಲ್ಲಾ ಎಲ್ಲಾ ನಿಮ್ ಬಡಾವಣೆ ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ ಹಾಕ್ತಾರೆ, ತಾಯಿ ಕಾರ್ಡ್ ತಗೊಂಡು ಹೋಗು.

ಇನ್ನೊಂದು, ಆರೋಗ್ಯ ಕರ್ನಾಟಕದಲ್ಲಿ ತುರ್ತಲ್ಲದ ಚಿಕಿತ್ಸೆಗೆ ನೇರ ಪ್ರೈವೇಟ್‌ಗೆ ಹೋದ್ರೆ ಆಗಲ್ಲ, ಮೊದ್ಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗಲ್ಲ ಅಂದ್ರೆ ಅವ್ರೇ ರೆಫರಲ್ ಬರ್ದು ಕೊಡ್ತಾರೆ. ತುರ್ತು ಇದ್ರೆ ಮಾತ್ರ ಯೋಜನೇಲಿರೋ ಪ್ರೈವೇಟ್‌ಗೆ ಸೀದಾ ಹೋಗ್ಬಹುದು, ಒಳಗೆ ಹೋದ ತಕ್ಷಣ ಯೋಜನೆಯ ಕೆಲ್ಸ ನೋಡ್ಕೊಳೋ ಆರೋಗ್ಯ ಮಿತ್ರ ಎಲ್ಲಿ ಕೂರ್ತಾರೆ ಅಂತ ಕೇಳಿ ಕಾರ್ಡ್ ತೋರ್ಸು, ಬಿಲ್ಲಾದ್ಮೇಲೆ ತೋರಿಸಿದ್ರೆ ಪ್ರಯೋಜನ ಇಲ್ಲ.

ನಿಮ್ ಮಾವ ಸೊಸೈಟಿ ಮೆಂಬರ್ ಅಲ್ವಾ, ಸಹಕಾರಿ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿ ಬಗ್ಗೆ ಕೇಳಕ್ಕೆ ಹೇಳು. 2018ರಲ್ಲಿ ನಿಂತಿತ್ತು, ಆಮೇಲೆ ಮತ್ತೆ ಶುರು ಮಾಡಿದಾರೆ, ಹಳ್ಳಿ ಸೊಸೈಟಿಯವ್ರಿಗೆ ನಾಲ್ಕು ಜನದ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇಟ್ಟಿದ್ರು. ಹೆಚ್ಚಾಗಿ ಆಪರೇಷನ್‌ಗೆ ಅದು, ಜ್ವರ ಕೆಮ್ಮಿಗಲ್ಲ. ಬೇರೆ ಪಾಲಿಸಿ ಇದ್ರೆ ನಿಮ್ಮನ್ನ ಸೇರಿಸ್ಕೋತಾರಾ ಅಂತ ಸೆಕ್ರೆಟರಿ ಹತ್ರ ಮುಂಚೆನೇ ಕೇಳ್ಲಿ.

ಭಾನುವಾರ ಬೆಳಗ್ಗೆ ಬಸ್ಸಿಗೆ ಬರ್ತಿದೀನಿ. ಮಕ್ಕಳ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಚಿನ್ನು ದಮ್ಮಿನ ಚೀಟಿ ಎಲ್ಲಾ ಒಂದು ಫೈಲಲ್ಲಿ ಹಾಕಿಡು, ಕೂತು ಫಾರಂ ಒಟ್ಟಿಗೆ ತುಂಬೋಣ. ಎಚ್‌ಆರ್‌ಗೆ ಮೇಲ್ ಮಾತ್ರ ಭಾನುವಾರದ ತನಕ ಇಟ್ಕೋಬೇಡಿ.

ನಿನ್ನ,
ಅಮ್ಮ