ನಮ್ಮ ಪುಟ್ಟ ಹೈಸ್ಕೂಲಿನ ಬೆನ್ನಿಗೆ ನಿಂತವರಿಗೆ

ಹತ್ತನೇ ತರಗತಿಯ ಫಲಿತಾಂಶ ಬಂದಿದೆ. ಈ ಸಲ ನಮ್ಮ ಸರ್ಕಾರಿ ಹೈಸ್ಕೂಲಿನ ಮಕ್ಕಳೆಲ್ಲ ಪಾಸಾಗಿದ್ದಾರೆ. ಮುಖ್ಯ ಶಿಕ್ಷಕ ಅಂತ ಎಲ್ಲರೂ ನನ್ನನ್ನು ಅಭಿನಂದಿಸುತ್ತಿದ್ದಾರೆ. ಆದರೆ ಅದು ಸಲ್ಲಬೇಕಾದವರು ಬೇರೆಯೇ ಇದ್ದಾರೆ.

ಹೋದ ವರ್ಷ ಫಲಿತಾಂಶ ಕುಸಿದಾಗ ಮಕ್ಕಳೂ ಶಿಕ್ಷಕರೂ ತುಂಬ ಮಾತು ಕೇಳಬೇಕಾಯಿತು. ತರಗತಿಯಲ್ಲಿ 20 ಮಕ್ಕಳಿದ್ದರೆ ಒಬ್ಬರು ಫೇಲಾದರೂ ಫಲಿತಾಂಶ ಶೇ. 5ರಷ್ಟು ಇಳಿಯುತ್ತದೆ. 200 ಮಕ್ಕಳಿರುವ ಕಡೆ ಇಳಿಯುವುದು ಶೇ. 0.5 ಮಾತ್ರ. ಅದಕ್ಕೇ ಚಿಕ್ಕ ಶಾಲೆಗಳು ಒಂದು ವರ್ಷ ಪಟ್ಟಿಯ ತುದಿಯಲ್ಲಿ, ಇನ್ನೊಂದು ವರ್ಷ ತಳದಲ್ಲಿ ಕಾಣುತ್ತವೆ. ಈ ವರ್ಷದ ನೂರಕ್ಕೆ ನೂರನ್ನೂ ಹಾಗೇ ನೋಡಬೇಕು, ಅಲ್ವಾ? ಬರೀ ಪಟ್ಟಿ ನೋಡಿ ಮಕ್ಕಳನ್ನು ಬೇರೆಡೆ ಸೇರಿಸದ ತಂದೆತಾಯಂದಿರೇ, ನಿಮಗೆ ಮೊದಲ ನಮಸ್ಕಾರ.

ಗಣಿತದ ಹುದ್ದೆ ಖಾಲಿ ಇತ್ತು. ವಿಜ್ಞಾನದ ಮೇಡಂ ತಮ್ಮ ಪಾಠದ ಜೊತೆ ಅದನ್ನೂ ವಹಿಸಿಕೊಂಡರು. ದಿನಾ ಪುಸ್ತಕ ಮುಚ್ಚಿಸಿ, ನಿನ್ನೆಯ ಪಾಠ ನೆನಪಿದ್ದಷ್ಟು ಬರೆಸುತ್ತಿದ್ದರು. ಅಂಕ ಹಾಕುತ್ತಿರಲಿಲ್ಲ. ಅದರ ಬದಲು ಇನ್ನೊಮ್ಮೆ ಓದಿಸಬಾರದೇ ಎಂದು ಕೇಳಿದವರಿದ್ದರು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಬಗ್ಗೆಯೇ. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ನೆನಪಿನಿಂದ ಬರೆದು ಕಲಿತವರಿಗೆ ಜಾಸ್ತಿ ನೆನಪಿತ್ತು. ಮೇಡಂ, ಎರಡು ವಿಷಯದ ಹೊರೆ ಹೊತ್ತೂ ಒಂದು ದಿನವೂ ನೀವು ಇದನ್ನು ಬಿಡಲಿಲ್ಲ. ನಿಮ್ಮ ಋಣ ದೊಡ್ಡದು.

ಕೆಲವು ಮಕ್ಕಳಿಗೆ ಲೆಕ್ಕ ಬರುತ್ತಿತ್ತು, ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಇದನ್ನು ಮೊದಲು ಗುರುತಿಸಿದ್ದು ಸಂಜೆ ಪಾಠ ಹೇಳಿಕೊಡಲು ಬಂದ ನಮ್ಮ ಹಳೆಯ ವಿದ್ಯಾರ್ಥಿಗಳು. ಒಬ್ಬೊಬ್ಬರ ಪಕ್ಕ ಕೂತು, ಸಾಲು ಸಾಲಾಗಿ ಜೋರಾಗಿ ಓದಿಸಿದರು. ಶಾಲೆ ಬಿಟ್ಟ ಮೇಲೂ ಶಾಲೆಗಾಗಿ ಬಂದಿರಲ್ಲ, ತುಂಬ ಥ್ಯಾಂಕ್ಸ್ ಮಕ್ಕಳೇ. ಸಂಜೆಯೆಲ್ಲ ಕೊಠಡಿ ತೆರೆದಿಟ್ಟು ಕಾದ ಕಚೇರಿ ಸಿಬ್ಬಂದಿಗೂ ವಂದನೆಗಳು.

ಹೋದ ವರ್ಷ ಫೇಲಾಗಿದ್ದವರಲ್ಲೂ ಕೆಲವರು ವಾಪಸ್ ಬಂದು, ತಮಗಿಂತ ಚಿಕ್ಕವರ ಜೊತೆ ಕೂತು ಓದಿದರು. ಮರುಪರೀಕ್ಷೆ ಪಾಸು ಮಾಡಿದರು. ನನಗೆ ಅತಿ ಹೆಚ್ಚು ಹೆಮ್ಮೆ ಇವರ ಬಗ್ಗೆ.

ಗಣಿತದ ಹುದ್ದೆ ಈಗಲೂ ಖಾಲಿ ಇದೆ. ಸಂಜೆಯ ಓದು ಹೊಸ ತರಗತಿಗೂ ಮುಂದುವರಿಯುತ್ತದೆ. ಬಂದು ಕೂರಬಲ್ಲ ಹಳೆಯ ವಿದ್ಯಾರ್ಥಿಗಳು ದಯವಿಟ್ಟು ನನಗೊಂದು ಮಾತು ತಿಳಿಸಿ.