ಸಹಿ ಹಾಕುವ ಮುಂಚೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಇವತ್ತು ಆಟಿ 18, ಮದ್ದು ಸೊಪ್ಪಿನ ಪಾಯಸದ ದಿನ. ಬೆಳಿಗ್ಗೆ ಮಳೆಯಲ್ಲೇ ಹೋಗಿ ಮದ್ದು ಸೊಪ್ಪು ಕೊಯ್ದು ತಂದೆ. ಪಾಯಸ ಒಲೆಯ ಮೇಲಿದೆ, ಮನೆಯೆಲ್ಲ ಅದರದ್ದೇ ಪರಿಮಳ. ನೀನಿದ್ದಿದ್ದರೆ ಎರಡು ಲೋಟ ಕುಡಿಯುತ್ತಿದ್ದೆ. ನಿನ್ನೆ ಸಂಜೆ ಹೋದ ಕರೆಂಟು ಇನ್ನೂ ಬಂದಿಲ್ಲ. ಫೋನಿನಲ್ಲಿ ಅರ್ಧಂಬರ್ಧ ಮಾತಾಡುವುದಕ್ಕಿಂತ ಕೂತು ಬರೆಯೋಣ ಅನ್ನಿಸಿತು.

ಆ ಸಂಸ್ಥೆಯವರು ನಿನ್ನನ್ನು ಆಡಳಿತ ಮಂಡಳಿಗೆ ಕರೆದಿದ್ದಾರೆ ಅಂದಾಗ ನನಗೆ ಎಷ್ಟು ಖುಷಿಯಾಯಿತು ಅಂತ ನಿನಗೆ ಸರಿಯಾಗಿ ಹೇಳಲೇ ಇಲ್ಲ. ಅಪ್ಪನಂತೂ ಪಕ್ಕದ ತೋಟದವರಿಗೆಲ್ಲ ಹೇಳಿಯಾಯಿತು. ಇಂಗ್ಲೆಂಡಿನಲ್ಲಿ ನೋಂದಣಿಯಾದ ಸಂಸ್ಥೆ. ಆಫ್ರಿಕಾದ ಹಳ್ಳಿಗಳಲ್ಲಿ ಕುಡಿಯುವ ನೀರಿನ ಕೆಲಸ, ನಮ್ಮ ದೇಶದಲ್ಲೂ ಸ್ವಲ್ಪ. ಸಂಬಳ ಇಲ್ಲ, ವರ್ಷಕ್ಕೆ ನಾಲ್ಕು ಸಭೆ. ಇಷ್ಟೆಲ್ಲ ಹೇಳಿ ಕೊನೆಗೆ ನೀನು ಒಂದು ಮಾತು ಅಂದೆ. "ಜಾಸ್ತಿ ಕೆಲಸ ಏನಿರಲ್ಲಮ್ಮ, ಹೆಸರಿಗೆ ಇದ್ದರೆ ಸಾಕು ಅಂದ್ರು." ಆ ಮಾತು ಎರಡು ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ.

ಹೆಸರಿಗೆ ಇರುವುದು ಅಂದರೆ ಏನು ಅಂತ ನನಗೆ ಗೊತ್ತು ಪುಟ್ಟಿ. ನಾನೂ ಐದು ವರ್ಷ ನಮ್ಮೂರಿನ ಸಂಸ್ಥೆಯ ಮಂಡಳಿಯಲ್ಲಿ ಇದ್ದೆನಲ್ಲ. ಅಲ್ಲಿ ನಡೆದ ಒಂದು ವಿಷಯ ನಿನಗೆ ಇವತ್ತಿನವರೆಗೂ ಹೇಳಿಲ್ಲ.

ನಮ್ಮ ಕೊಡಗಿನ 2018ರ ಆಗಸ್ಟ್ ನಿನಗೂ ನೆನಪಿದೆ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಎಲ್ಲ ಕಡೆ ಗುಡ್ಡಗಳೇ ಕೆಸರಾಗಿ ಇಳಿದು ಬಂದವು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ರಸ್ತೆ ಕೊಚ್ಚಿ ಹೋಗಿತ್ತು. ಪರಿಹಾರ ಕೇಂದ್ರಗಳಿಗೆ ಎಲ್ಲೆಲ್ಲಿಂದಲೋ ಲಾರಿಗಳು ಬಂದವು. ಅಕ್ಕಿ, ಕಂಬಳಿ, ಔಷಧಿ ಕೊಟ್ಟ ಜನರನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಹಳೇ ಬಟ್ಟೆಯ ಮೂಟೆಗಳೂ ಅಷ್ಟೇ ಬಂದವು. ಆ ಮಳೆಯಲ್ಲಿ ಒದ್ದೆಯಾಗಿ ಬೂಷ್ಟು ಹಿಡಿದವು. ಅವನ್ನು ವಿಂಗಡಿಸಿ ಎತ್ತಿ ಹಾಕಲಿಕ್ಕೇ ಹತ್ತು ಹುಡುಗರು ಬೇಕಾದರು. ಕೇಂದ್ರದಲ್ಲಿದ್ದ ಹುಡುಗಿಯರಿಗೆ ಬೇಕಿದ್ದದ್ದು ಒಳಬಟ್ಟೆ ಮತ್ತು ಪ್ಯಾಡು. ಯಾರೂ ಕೇಳಿರಲಿಲ್ಲ, ಅವರಾಗಿ ಹೇಳುವ ವಿಷಯವೂ ಅಲ್ಲ.

ಮುಂದಿನ ಚಳಿಗಾಲದಲ್ಲಿ ನಮ್ಮ ಸಂಸ್ಥೆಗೆ ಹೊರದೇಶದ ದುಡ್ಡು ಬಂತು. ಬೇರೆ ದೊಡ್ಡ ಸಂಸ್ಥೆಯೊಂದು ಪಡೆದು ನಮಗೆ ಹಂಚಿದ ದುಡ್ಡು. ಮನೆ ಕಳೆದುಕೊಂಡ ಹೆಂಗಸರಿಗೆ ಹೊಲಿಗೆ ಯಂತ್ರ ಕೊಡಬೇಕು ಅಂತ ಅಲ್ಲಿಂದಲೇ ಬರೆದು ಬಂದಿತ್ತು. ಮಾರ್ಚ್ 31ರೊಳಗೆ ಖರ್ಚಾಗಬೇಕು. ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ಆ ಸಭೆಗೆ ಎರಡು ದಿನ ಮುಂಚೆ, ಸುಂಟಿಕೊಪ್ಪದಲ್ಲಿ ಬಾಡಿಗೆ ಮನೆ ಹಿಡಿದಿದ್ದ ಒಬ್ಬಳು ಹೆಂಗಸು ನನ್ನ ಹತ್ತಿರ ಹೇಳಿದ್ದಳು. "ನಮ್ಗೆ ಕೆಲ್ಸ ಇದೆ ಟೀಚರೇ. ಕಾಫಿ ಕುಯ್ಯೋಕೆ ಕರೀತಾರೆ. ಹೋಗೋಕೆ ಗಾಡಿ ಇಲ್ಲ." ಕೆಲಸ ಹಳೇ ಊರಿನ ತೋಟದಲ್ಲಿ, ವಾಸ ಈಗ ಇನ್ನೆಲ್ಲೋ. ಜೀಪಿನ ಬಾಡಿಗೆ ಕೊಟ್ಟರೆ ಕೂಲಿಯಲ್ಲಿ ಅರ್ಧ ಅದಕ್ಕೇ ಹೋಗುತ್ತಿತ್ತು. ಇದು ನನಗೆ ಗೊತ್ತಿತ್ತು. ಸಭೆಯಲ್ಲಿ ಬಾಯಿ ಬಿಡಲಿಲ್ಲ. ಅಧ್ಯಕ್ಷರು ಹಿರಿಯರು, ಒಳ್ಳೆಯವರು, ಅಷ್ಟು ಓಡಾಡಿ ದುಡ್ಡು ತಂದಿದ್ದಾರೆ. ಎಲ್ಲರೂ ಒಪ್ಪಿಯಾಗಿದೆ, ಕಾಫಿಯೂ ಬಂದಿದೆ. ಈಗ ನಾನು ತಕರಾರು ತೆಗೆದರೆ ಏನಂದುಕೊಳ್ಳುತ್ತಾರೋ ಅಂತ ಸುಮ್ಮನಾದೆ.

40 ಯಂತ್ರಗಳು ಬಂದವು. ಹಂಚಿ ಫೋಟೋ ತೆಗೆದದ್ದೂ ಆಯಿತು. ಮಳೆಗಾಲದಲ್ಲಿ ನಾನು ಮನೆಮನೆಗೆ ಹೋದಾಗ ಒಂದರ ಮೇಲೆ ಅಕ್ಕಿ ಮೂಟೆ ಇಟ್ಟಿದ್ದರು. ಒಂದು ತುಕ್ಕು ಹಿಡಿದಿತ್ತು. ಹೆಚ್ಚಿನವನ್ನು ಮಾರಿಯಾಗಿತ್ತು. ಸುಂಟಿಕೊಪ್ಪದ ಆ ಹೆಂಗಸು ಬಾಗಿಲಲ್ಲೇ ನಿಂತು, "ನಾನು ನಿಮ್ಮತ್ರ ಹೇಳಿದ್ನಲ್ಲ ಟೀಚರೇ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಒಳಗೆ ಕರೆದು ಚಹಾ ಕೊಟ್ಟಳು.

ನಡಾವಳಿ ಪುಸ್ತಕದಲ್ಲಿ "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ಇದೆ. ಕೆಳಗೆ ನನ್ನ ಸಹಿ ಇದೆ.

ನೀನು ಕೂರಲಿರುವ ಮೇಜಿನಲ್ಲೂ ಇಂಥ ದಿನ ಬಂದೇ ಬರುತ್ತದೆ. ಅಲ್ಲಿ ಮೊತ್ತ ದೊಡ್ಡದು, ದೂರವೂ ದೊಡ್ಡದು. ನಿನ್ನ ಸಂಸ್ಥೆಯದ್ದು ನೀರಿನ ಕೆಲಸ ಅಂದ ಮೇಲೆ ನಾನೂ ಸ್ವಲ್ಪ ಓದಿದೆ. ಪ್ಲೇಪಂಪ್ ಅಂತ ಒಂದು ಇತ್ತು, ಕೇಳಿದ್ದೀಯಾ? ಮಕ್ಕಳು ಹತ್ತಿ ಕೂತು ಗಿರಗಿರ ಸುತ್ತುವ ಆಟದ ಚಕ್ರವನ್ನು ಪಂಪಿಗೆ ಜೋಡಿಸಿದ್ದರು. ಮಕ್ಕಳು ಆಡಿದ ಹಾಗೆ ನೀರು ಮೇಲಿನ ಟ್ಯಾಂಕಿಗೆ ಏರಬೇಕು. ನೋಡಿದವರಿಗೆಲ್ಲ ಇಷ್ಟವಾಯಿತು. ಅಮೆರಿಕದಲ್ಲಿ 2006ರಲ್ಲಿ ದೊಡ್ಡ ವೇದಿಕೆಯ ಮೇಲೆ ಅದಕ್ಕೆ ಕೋಟಿಗಟ್ಟಲೆ ದುಡ್ಡು ಘೋಷಣೆಯಾಯಿತು. ಆಫ್ರಿಕಾದಲ್ಲಿ 4,000 ಪಂಪು ಹಾಕುವ ಗುರಿ. ಒಂದೊಂದಕ್ಕೂ ಸುಮಾರು 14,000 ಡಾಲರ್. ಒಂದು ಪಂಪು 2,500 ಜನರಿಗೆ ನೀರು ಕೊಡುತ್ತದೆ ಅಂತ ಹೇಳಿದ್ದರು. ಹಾಗಾಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಅಂತ 2009ರಲ್ಲಿ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು.

27 ಗಂಟೆ! ನಾನು ಏಳನೇ ಕ್ಲಾಸಿನ ಮಕ್ಕಳಿಗೆ ಕೊಡುತ್ತಿದ್ದ ಲೆಕ್ಕ ಇದು. ಗುಣಿಸಿ ಭಾಗಿಸಿದರೆ ಸಾಕು. ಮಕ್ಕಳು ಶಾಲೆಗೆ ಹೋದಾಗ, ಆಡಿ ಸುಸ್ತಾದಾಗ, ಆ ಚಕ್ರವನ್ನು ಬಗ್ಗಿ ತಿರುಗಿಸಿದ್ದು ಕೊಡ ಹಿಡಿದು ಬಂದ ಹೆಂಗಸರು. ವಯಸ್ಸಾದವರೂ ಅದರಲ್ಲಿ ಇದ್ದರು. ಮೊದಲಿದ್ದ ಕೈಪಂಪೇ ವಾಸಿ ಅಂದವರೂ ಇದ್ದರು. ದುಡ್ಡು ಕೊಟ್ಟವರಲ್ಲಿ ಒಂದಾದ ಕೇಸ್ ಫೌಂಡೇಶನ್ 2010ರಲ್ಲಿ ಇದು ಅಂದುಕೊಂಡ ಹಾಗೆ ಆಗಲಿಲ್ಲ ಅಂತ ಎಲ್ಲರೆದುರು ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಂಡವರನ್ನು ನಾನು ಮೆಚ್ಚುತ್ತೇನೆ. ಆದರೆ ದುಡ್ಡು ಮಂಜೂರು ಮಾಡುವಾಗ ಎಷ್ಟೋ ಜನ ಕೂತು ಕಾಗದ ನೋಡಿರುತ್ತಾರಲ್ವಾ? ಆ ಗುಣಾಕಾರ ಮಾಡುವ ಒಬ್ಬಳಾಗಿ ನೀನು ಅಲ್ಲಿರು. ನಿನಗೆ ಲೆಕ್ಕ ಚೆನ್ನಾಗಿ ಬರುತ್ತದೆ.

ಇನ್ನೊಂದು, ಬಾಂಗ್ಲಾದೇಶದ್ದು. ಕೆರೆಯ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುತ್ತಿದ್ದಾರೆ ಅಂತ 1970ರ ದಶಕದಲ್ಲಿ ಯುನಿಸೆಫ್‌ನಂಥವರ ನೆರವಿನಲ್ಲಿ ಲೆಕ್ಕವಿಲ್ಲದಷ್ಟು ಕೊಳವೆಬಾವಿ ಹಾಕಿಸಿದರು. ಮನಸ್ಸು ಒಳ್ಳೆಯದೇ. ಆ ನೆಲದೊಳಗೆ ಆರ್ಸೆನಿಕ್ ವಿಷ ಇದೆ ಅಂತ ಗೊತ್ತಾಗಿದ್ದು 1990ರ ದಶಕದಲ್ಲಿ. ಅಷ್ಟು ಹೊತ್ತಿಗೆ ಕೋಟ್ಯಂತರ ಜನ ಅದನ್ನು ಕುಡಿದಿದ್ದರು. ಬಾವಿ ಎಷ್ಟು ತೋಡಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಐದು ವರ್ಷ ಆದ ಮೇಲೆ ಆ ನೀರನ್ನು ಯಾರು ಪರೀಕ್ಷೆ ಮಾಡುತ್ತಾರೆ, ಪಂಪು ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಅಂತ ನೀನು ಕೇಳು. ನಮ್ಮ ಶಾಲೆಯ ಮುಂದಿನ ಕೈಪಂಪು ನೆನಪಿದೆಯಾ? ಅದು ಇಂಡಿಯಾ ಮಾರ್ಕ್ 2. ಅದೇ ಮಾದರಿಯ ಪಂಪು ಆಫ್ರಿಕಾದ ಹಳ್ಳಿಗಳಲ್ಲೂ ಇದೆಯಂತೆ. ಒಂದು ವಾಷರ್ ಸವೆದು ಹೋಗಿದ್ದಕ್ಕೆ ಎರಡು ಬೇಸಿಗೆ ಅದು ಹಾಗೇ ನಿಂತಿತ್ತು. ನಾವು ಮಕ್ಕಳಿಂದ ನೀರು ಹೊರಿಸುತ್ತಿದ್ದೆವು.

ದುಡ್ಡಿನ ವಿಷಯದಲ್ಲಿ ನಾಚಿಕೆ ಬೇಡ. ಇಂಗ್ಲೆಂಡಿನ ಕಾನೂನಿನಲ್ಲಿ ಟ್ರಸ್ಟಿಗಳೆಲ್ಲ, ಅಂದರೆ ಮಂಡಳಿಯ ಸದಸ್ಯರೆಲ್ಲ, ಒಟ್ಟಾಗಿ ಜವಾಬ್ದಾರರು. ನಾನು ಆ ಸಭೆಗೆ ಬಂದಿರಲಿಲ್ಲ, ಖಜಾಂಚಿ ನೋಡಿಕೊಳ್ಳುತ್ತಿದ್ದರು ಅಂದರೆ ನಡೆಯುವುದಿಲ್ಲ. ಬಾವಿಗೆ ಅಂತ ಯಾರೋ ಕೊಟ್ಟ ದುಡ್ಡನ್ನು ಕಚೇರಿಯ ಬಾಡಿಗೆಗೆ ತೆಗೆದರೆ ಅದು ತಪ್ಪು, ಆಮೇಲೆ ತುಂಬಿಸಿದರೂ ತಪ್ಪು. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಎತ್ತಿದ ಚಂದಾವನ್ನು ಹಬ್ಬದ ಊಟಕ್ಕೆ ಬಳಸಿದರೆ ಇಲ್ಲಿ ಎಷ್ಟು ಮಾತು ಬರುತ್ತದೆ, ನೀನೇ ನೋಡಿದ್ದೀಯ. ಹಾಗಾಗಿ ಬ್ಯಾಂಕಿನಲ್ಲಿ ಎಷ್ಟಿದೆ ಅಂತ ಕೇಳಿ ಬಿಡಬೇಡ. ಅದರಲ್ಲಿ ಯಾವುದಕ್ಕೂ ಕಟ್ಟುಬೀಳದ ದುಡ್ಡು ಎಷ್ಟು, ಹೊಸ ದೇಣಿಗೆ ಬರದಿದ್ದರೆ ಎಷ್ಟು ತಿಂಗಳ ಸಂಬಳ ಕೊಡಬಹುದು ಅಂತ ಕೇಳು.

ಆಡಳಿತ ಖರ್ಚು ಕಡಿಮೆ ಇದ್ದಷ್ಟೂ ಸಂಸ್ಥೆ ಒಳ್ಳೆಯದು ಅಂತ ಹೇಳುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಲೆಕ್ಕ ಬರೆಯಲು ಒಬ್ಬ ಒಳ್ಳೆಯ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು. ನಮ್ಮಲ್ಲಿ ಅದನ್ನು ಉಳಿಸಲು ಹೋಗಿ ರಸೀದಿಗಳೆಲ್ಲ ಚೀಲದಲ್ಲಿ ಬಿದ್ದಿದ್ದವು, ಆಡಿಟ್ ಬಂದಾಗ ನಾನು ಮತ್ತು ಇನ್ನಿಬ್ಬರು ರಾತ್ರಿಯೆಲ್ಲ ಕೂತು ಜೋಡಿಸಿದೆವು. ನಿನ್ನ ಸಂಸ್ಥೆ ಭಾರತಕ್ಕೂ ದುಡ್ಡು ಕಳಿಸುತ್ತದೆ ಅಂದೆಯಲ್ಲ, ಇಲ್ಲಿನ ನಿಯಮ ಅಲ್ಲಿಯವರಿಗೆ ಸರಿಯಾಗಿ ಗೊತ್ತಿದೆಯಾ ನೋಡು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಮೊದಲು ಆಡಳಿತ ಖರ್ಚಿಗೆ 50 ಪರ್ಸೆಂಟ್ ತನಕ ಬಳಸಬಹುದಿತ್ತು, ಈಗ 20. ದುಡ್ಡು ಮೊದಲು ಇಳಿಯಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ. ಮುಖ್ಯವಾಗಿ, ಪಡೆದವರು ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವ ಹಾಗಿಲ್ಲ. ನಮ್ಮ ಸಂಸ್ಥೆಗೆ ದುಡ್ಡು ನಿಂತಿದ್ದು ಅದರಿಂದಲೇ. ದೊಡ್ಡವರು ನಮ್ಮಂಥ ಊರಿನ ಸಂಸ್ಥೆಗಳ ಮೂಲಕ ಕೆಲಸ ಮಾಡುವ ದಾರಿ ಮುಚ್ಚಿತು. ಊರು ಗೊತ್ತಿರುವವರು ಹೊರಗೆ ಉಳಿದೆವು. ಈ ಬಗ್ಗೆ ನನಗೆ ಇವತ್ತಿಗೂ ನೋವಿದೆ.

ಪ್ರಶ್ನೆ ಕೇಳು ಅಂದೆ ಅಂತ ಅಲ್ಲಿನ ನೌಕರರ ಕೆಲಸಕ್ಕೆಲ್ಲ ಕೈ ಹಾಕಬೇಡ. ತೋಟದ ಕೆಲಸ ನೋಡಿಕೊಳ್ಳಲು ರೈಟರ್ ಇಟ್ಟ ಮೇಲೆ ಯಜಮಾನರೇ ಬೆಳಿಗ್ಗೆ ಕೂಲಿಯವರ ಲೈನ್‌ಮನೆ ಮುಂದೆ ನಿಂತು ಕೆಲಸ ಹಂಚಿದರೆ ರೈಟರ್ ಮಾತನ್ನು ಆಮೇಲೆ ಯಾರು ಕೇಳುತ್ತಾರೆ? ಸಂಸ್ಥೆಯನ್ನು ದಿನಾ ನಡೆಸುವ ನಿರ್ದೇಶಕರನ್ನು ನೇಮಿಸುವುದು, ಅವರಿಗೆ ಬೆಂಬಲ ಕೊಡುವುದು, ಅವರು ದಾರಿ ತಪ್ಪಿದರೆ ಹೇಳುವುದು, ಅಷ್ಟು ಮಂಡಳಿಯ ಕೆಲಸ.

ಹೆಂಗಸರು, ಮಕ್ಕಳು ಕೊಡುವ ದೂರಿನ ಬಗ್ಗೆ ಮಾತ್ರ ಯಾವ ಮುಲಾಜೂ ಇಟ್ಟುಕೊಳ್ಳಬೇಡ. ಹೈಟಿಯಲ್ಲಿ 2010ರ ಭೂಕಂಪ ಆದ ಮೇಲೆ ಇಂಗ್ಲೆಂಡಿನ ನೆರವು ಸಂಸ್ಥೆ ಆಕ್ಸ್‌ಫ್ಯಾಮ್‌ನ ಕೆಲವು ಸಿಬ್ಬಂದಿ ಮಾಡಿದ ಕೆಟ್ಟ ಕೆಲಸ ಪತ್ರಿಕೆಯಲ್ಲಿ ಬಂದಿದ್ದು 2018ರಲ್ಲಿ. ಎಷ್ಟು ಹಳೇ ಸಂಸ್ಥೆ, ಎಷ್ಟು ಒಳ್ಳೆಯ ಹೆಸರು. "ಈ ವರ್ಷ ಒಂದೂ ದೂರು ಬಂದಿಲ್ಲ" ಅಂತ ಯಾರಾದರೂ ಹೇಳಿದರೆ ಸಮಾಧಾನ ಪಡಬೇಡ. ಆ ಹಳ್ಳಿಯ ಹುಡುಗಿ ಯಾರಿಗೆ, ಯಾವ ಭಾಷೆಯಲ್ಲಿ, ಹೇಗೆ ಹೇಳಬೇಕು ಅಂತ ಕೇಳು.

ಒಂದು ವಿಷಯ ಹೇಳಲೋ ಬೇಡವೋ ಅಂತ ಯೋಚಿಸಿದೆ, ಹೇಳುತ್ತೇನೆ. ಅವರು ನಿನ್ನನ್ನು ಕರೆದದ್ದರಲ್ಲಿ ನೀನು ಭಾರತದವಳು, ಬಡದೇಶಗಳ ಕಷ್ಟ ಗೊತ್ತಿರುವವಳು ಅನ್ನುವುದೂ ಒಂದು ಕಾರಣ ಇರಬಹುದು. ಅಲ್ಲಿ ಎಲ್ಲರೂ ನಿನ್ನ ಕಡೆ ತಿರುಗಿ, "ಊರಿನವರಿಗೆ ಇದು ಹಿಡಿಸುತ್ತದಾ?" ಅಂತ ಕೇಳುತ್ತಾರೆ. ಆಗ ಉತ್ತರ ಕೊಡಲು ಅವಸರ ಮಾಡಬೇಡ. ಆಫ್ರಿಕಾದ ಮಲಾವಿಯ ಹಳ್ಳಿಯವರು ಏನಂದುಕೊಳ್ಳುತ್ತಾರೆ ಅಂತ ನಿನಗೆ ಗೊತ್ತಿಲ್ಲ. ನಾವು ತೋಟ ಇರುವವರು ಪುಟ್ಟಿ. ನಮ್ಮ ಗೇಟಿನಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಲೈನ್‌ಮನೆಯಲ್ಲಿ ಎರವ ಬುಡಕಟ್ಟಿನವರ ಮಕ್ಕಳು ಕಾಫಿ ಕೊಯ್ಲಿನ ತಿಂಗಳಲ್ಲಿ ಯಾಕೆ ಶಾಲೆಗೆ ಬರುವುದಿಲ್ಲ ಅಂತ ನನಗೆ ಅರ್ಥವಾಗಲು ಹನ್ನೆರಡು ವರ್ಷ ಬೇಕಾಯಿತು. ಅಪ್ಪ ಅಮ್ಮ ಇಬ್ಬರೂ ಕೊಯ್ಲಿಗೆ ಹೋದರೆ ಮನೆಯಲ್ಲಿ ಚಿಕ್ಕದನ್ನು ನೋಡಿಕೊಳ್ಳುವವರು ಯಾರು? ಇಷ್ಟು ಸುಲಭದ ವಿಷಯ. ನಾನು ಮಾತ್ರ ಅವರಿಗೆ ಓದಿನಲ್ಲಿ ಆಸಕ್ತಿ ಇಲ್ಲ ಅಂದುಕೊಂಡಿದ್ದೆ. ಅದಕ್ಕೇ ಹೇಳುತ್ತಿದ್ದೇನೆ, ವರ್ಷಕ್ಕೊಮ್ಮೆಯಾದರೂ ಆ ಹಳ್ಳಿಗಳಿಂದ ಒಬ್ಬರು ಆ ಸಭೆಯಲ್ಲಿ ಕೂತು ಮಾತಾಡುವ ಹಾಗೆ ಮಾಡು. ಮೊದಲ ಸಭೆಯಲ್ಲೇ ಕೇಳು.

ಇನ್ನು ನಮ್ಮವರ ವ್ಯವಹಾರ ಬಂದರೆ ಎದ್ದು ಹೊರಗೆ ಹೋಗು. ನೆರೆಯ ಸಮಯದಲ್ಲಿ ಮಾವನ ಜೀಪನ್ನು ಸಂಸ್ಥೆಗೆ ಬಾಡಿಗೆಗೆ ತೆಗೆದುಕೊಳ್ಳುವ ಮಾತು ಬಂತು. ನಾನು ಹೊರಗೆ ಜಗಲಿಯಲ್ಲಿ ನಿಂತೆ, ಒಳಗೆ ಅವರು ತೀರ್ಮಾನ ಮಾಡಿದರು. ನಾನು ಹೊರಗಿದ್ದೆ ಅಂತ ನಡಾವಳಿಯಲ್ಲಿ ಬರೆಸಿದೆ. ಮಾವನಿಗೆ ಸ್ವಲ್ಪ ಬೇಜಾರಾಯಿತು. ಆದರೆ ಆ ಒಂದು ಪುಟವನ್ನು ನಾನು ಈಗಲೂ ನೆಮ್ಮದಿಯಿಂದ ನೋಡಬಲ್ಲೆ.

ಒಪ್ಪಿಕೋ ಅಂತಲೇ ನನ್ನ ಆಸೆ. ಆದರೆ ಅವರಿಗೆ ಹೂಂ ಅನ್ನುವ ಮುಂಚೆ ಸಂಸ್ಥೆಯ ಮೂರು ವರ್ಷದ ಆಡಿಟ್ ವರದಿ ನೋಡು. ಅಲ್ಲಿ ಇಂಥ ಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನ್ನಿನ ವೆಬ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದಂತೆ. ಕಳೆದ ನಾಲ್ಕು ಸಭೆಯ ನಡಾವಳಿಯನ್ನೂ ಕೇಳು. ಕೊಡಲಿಕ್ಕೆ ಹಿಂದೆ ಮುಂದೆ ನೋಡಿದರೆ ನನಗೆ ಫೋನ್ ಮಾಡು.

ಅವಸರ ಇಲ್ಲ ಅಂತಾದರೆ ಹುತ್ತರಿ ಹಬ್ಬಕ್ಕೆ ಬರುವಾಗ ಎಲ್ಲ ಪ್ರಿಂಟ್ ಹಾಕಿಸಿ ತಾ. ಫೋನಿನಲ್ಲಿ ಓದಲು ನನ್ನ ಕಣ್ಣು ಹಿಡಿಯುವುದಿಲ್ಲ. ಕದಿರು ತಂದು ಊಟ ಮುಗಿದ ಮೇಲೆ ಅಡುಗೆ ಮನೆಯಲ್ಲಿ ಕೂತು ಒಂದೊಂದೇ ಪುಟ ನೋಡೋಣ. ಕೆಂಪು ಪೆನ್ನು ನನ್ನ ಹತ್ತಿರ ಇದೆ.

ಪಾಯಸ ಉಕ್ಕುತ್ತಿದೆ, ಎದ್ದೆ.

ಅಮ್ಮ