ಆರ್ಕಿಟೆಕ್ಚರ್ ಕಾಲೇಜಿಗೆ ಮಾಮೂಲಿ ದಿನ ಬಂದು ನೋಡಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ವಿಜಯಪುರದಿಂದ ನಮಸ್ಕಾರಗಳು.

ನಾನು ಈ ಊರಲ್ಲೇ ಮನೆ, ಶಾಲೆ, ದವಾಖಾನೆಗಳ ನಕ್ಷೆ ಮಾಡುವ ಆರ್ಕಿಟೆಕ್ಟ್. ಸೆಮಿಸ್ಟರ್ ಕೊನೆಗೆ ಕಾಲೇಜಿನವರು ಜ್ಯೂರಿಗೆ, ಅಂದರೆ ಮಕ್ಕಳ ಕೆಲಸದ ಮೌಲ್ಯಮಾಪನಕ್ಕೆ ಕರೆದರೆ ಹೋಗಿ ಮಕ್ಕಳ ಡಿಸೈನ್ ನೋಡುತ್ತೇನೆ. ಅಲ್ಲಿ ಕಂಡದ್ದೇ ಈ ಪತ್ರ ಬರೆಸುತ್ತಿದೆ. ಆರ್ಕಿಟೆಕ್ಚರ್ ವಿಭಾಗಗಳಲ್ಲಿ ಸಿಬ್ಬಂದಿ ಮತ್ತು ಸೌಲಭ್ಯ ಎಷ್ಟಿದೆ ಎಂದು ಪರಿಶೀಲಿಸುವ ರೀತಿ ಬದಲಾಗಬೇಕು.

ನಾನು ಹೋಗುವ ಒಂದು ಕಾಲೇಜಿನ ಮಾತು. ಇನ್‌ಸ್ಪೆಕ್ಷನ್ ಇದ್ದ ವಾರ ಸ್ಟಾಫ್ ರೂಮ್ ತುಂಬಿತ್ತು. ಆಮೇಲೆ ಜ್ಯೂರಿಗೆ ಹೋದಾಗ ಅವರಲ್ಲಿ ಅರ್ಧ ಜನವೂ ಇರಲಿಲ್ಲ. ಗೋಡೆಗೆ ಹಚ್ಚಿದ್ದ ಶಿಕ್ಷಕರ ಪಟ್ಟಿಯಲ್ಲಿನ ಕೆಲವು ಹೆಸರು ಹೇಳಿ ಕೇಳಿದೆ. "ಅವರು ನಮಗೆ ಪಾಠ ಮಾಡಿಲ್ಲ ಸರ್" ಎಂದರು ಮಕ್ಕಳು. ಮಾಡೆಲ್ ಮಾಡುವ ವರ್ಕ್‌ಶಾಪ್ ಇತ್ತು, ಯಂತ್ರಗಳೂ ಇದ್ದವು. ಆದರೆ ಬಾಗಿಲಿಗೆ ಬೀಗ. ಕಾಗದದ ಮೇಲೆ ಆ ಕಾಲೇಜಿನಲ್ಲಿ ಯಾವ ಕೊರತೆಯೂ ಇಲ್ಲ!

ಒಂದು ಸಣ್ಣ ಲೆಕ್ಕ ನೋಡಿ. ಆರ್ಕಿಟೆಕ್ಚರ್ ಪದವಿ, ಅಂದರೆ ಬಿ.ಆರ್ಕ್, 5 ವರ್ಷದ ಕೋರ್ಸ್. ವರ್ಷಕ್ಕೆ 40 ಸೀಟು ಎಂದರೆ ಒಟ್ಟು 200 ಮಕ್ಕಳು. ದೇಶದ ಆರ್ಕಿಟೆಕ್ಚರ್ ಶಿಕ್ಷಣಕ್ಕೆ ಮಾನದಂಡ ಹಾಕುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಿಯಮದಂತೆ 10 ಮಕ್ಕಳಿಗೆ ಒಬ್ಬ ಶಿಕ್ಷಕರು, ಅಂದರೆ 20 ಮಂದಿ ಬೇಕು. ಸುಮ್ನೆ ಇಟ್ಟ ಸಂಖ್ಯೆಯಲ್ಲ ಇದು. ಈ ಕೋರ್ಸಿನ ಜೀವ ಇರುವುದು ಡಿಸೈನ್ ಸ್ಟುಡಿಯೊದಲ್ಲಿ. ಅಲ್ಲಿ ಶಿಕ್ಷಕರು ಒಂದೊಂದೇ ಟೇಬಲ್ಲಿಗೆ ಬಂದು ಕೂರಬೇಕು. ವಿದ್ಯಾರ್ಥಿಯ ನಕ್ಷೆಯ ಮೇಲೆ ಕೆಳಗಿನ ಗೆರೆ ಕಾಣುವ ತೆಳು ಬಟರ್ ಪೇಪರ್ ಹಾಸಿ, "ಈ ಮೆಟ್ಟಿಲು ಇಲ್ಲಿ ಬಂದರೆ ಅಡುಗೆಮನೆಗೆ ಗಾಳಿ ಎಲ್ಲಿಂದ ಬರ್ತದೆ?" ಎಂದು ಕೇಳಿ, ಜೊತೆಗೂಡಿ ತಿದ್ದಬೇಕು. ಮೂರು ಗಂಟೆಯ ಸ್ಟುಡಿಯೊದಲ್ಲಿ 40 ಮಕ್ಕಳಿಗೆ ನಾಲ್ವರು ಶಿಕ್ಷಕರಿದ್ದರೆ ಒಬ್ಬೊಬ್ಬರಿಗೆ 18 ನಿಮಿಷ ಸಿಗುತ್ತದೆ. ಒಬ್ಬರೇ ಇದ್ದರೆ ನಾಲ್ಕೂವರೆ ನಿಮಿಷ. ಅಷ್ಟರಲ್ಲಿ ನಕ್ಷೆಯ ಸುರುಳಿ ಬಿಚ್ಚಿ, ಸೈಟು ಯಾವುದೆಂದು ಹೇಳುವಷ್ಟರಲ್ಲೇ ಸಮಯ ಮುಗಿಯುತ್ತದೆ. ಆ ಮಕ್ಕಳು ಇಂಟರ್ನೆಟ್ಟಿನ ಚಿತ್ರ ನೋಡಿ ನಕ್ಷೆ ಮಾಡುತ್ತಾರೆ. ವಿಜಯಪುರದ ಮೇ ತಿಂಗಳ ಬಿಸಿಲಿಗೆ ಒಬ್ಬ ಹುಡುಗಿ ಪಶ್ಚಿಮದ ಗೋಡೆಯನ್ನು ಪೂರ್ತಿ ಗಾಜು ಮಾಡಿ ತಂದಿದ್ದನ್ನು ನಾನೇ ಜ್ಯೂರಿಯಲ್ಲಿ ನೋಡಿದ್ದೇನೆ. ತಪ್ಪು ಆ ಹುಡುಗಿಯದಲ್ಲ. ಅದನ್ನು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಸೌಲಭ್ಯ ಎಂದರೆ ಕಂಪ್ಯೂಟರ್, ದೊಡ್ಡ ನಕ್ಷೆ ಮುದ್ರಿಸುವ ಪ್ಲಾಟರ್ ಅಷ್ಟೇ ಅಲ್ಲ, ಅಲ್ವಾ? ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿರುವಂಥ ಕಲಿಕೆಯ ಜಾಗ ಎಷ್ಟು ಕಡೆ ಸಿಗುತ್ತದೆ? 1656ರಲ್ಲಿ ಮುಗಿದ ಗೋಳಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಒಳಗೆ ಒಂದೂ ಕಂಬವಿಲ್ಲ. ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಗುಮ್ಮಟದ ಭಾರವನ್ನು ಗೋಡೆಗೆ ಇಳಿಸುತ್ತವೆ. ಐಹೊಳೆಯ ಲಾಡಖಾನ್ ಗುಡಿಯ ಚಾವಣಿ ನೋಡಿ. ಚಪ್ಪಡಿಗಳು ಕೂಡುವ ಸಂದಿನ ಮೇಲೆ ಉದ್ದನೆಯ ಕಲ್ಲುಪಟ್ಟಿ ಕೂರಿಸಿ ಮಳೆನೀರು ತಡೆದಿದ್ದಾರೆ. ಪಟ್ಟದಕಲ್ಲಿನಲ್ಲಿ ದಕ್ಷಿಣದ ದ್ರಾವಿಡ, ಉತ್ತರದ ನಾಗರ ಎರಡೂ ಶೈಲಿಯ ಗುಡಿಗಳು ಅಕ್ಕಪಕ್ಕ ನಿಂತಿವೆ. ಆಲಮಟ್ಟಿ ಹಿನ್ನೀರಿಗೆ ಮನೆ ಕಳಕೊಂಡವರಿಗೆ ಕಟ್ಟಿದ ಬಾಗಲಕೋಟೆ ನವನಗರದ ಯೋಜನೆ ಹೆಸರಾಂತ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಅವರದು. ಜನ ಅದನ್ನು ಹೇಗೆ ಬಳಸಿದರು, ಏನೇನು ಬದಲಿಸಿಕೊಂಡರು ಎನ್ನುವುದೇ ದೊಡ್ಡ ಪಾಠ. ಆದರೆ ಇವನ್ನೆಲ್ಲ ಅಳೆದು ಚಿತ್ರ ಬಿಡಿಸಬೇಕಾದರೆ ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ಬೇಕು, ಬಸ್ಸು ಬೇಕು, ಪುರಾತತ್ವ ಇಲಾಖೆಯ ಅನುಮತಿ ಬೇಕು. ಎಲ್ಲಕ್ಕಿಂತ ಜಾಸ್ತಿ, ಬಿಸಿಲಲ್ಲಿ ಮಕ್ಕಳ ಜೊತೆ ನಿಲ್ಲುವ ಶಿಕ್ಷಕರು ಬೇಕು. ಅವರಿಲ್ಲದಿದ್ದರೆ ಮಕ್ಕಳು ಫೋಟೊ ತೆಗೆದುಕೊಂಡು ವಾಪಸ್ ಬರುತ್ತಾರೆ.

2019ರ ಆಗಸ್ಟ್ ಪ್ರವಾಹವನ್ನು ತಾವು ಮರೆತಿರಲಾರಿರಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. ನೀರು ಬಂದರೂ ನಿಲ್ಲುವ, ಬೇಸಿಗೆಯಲ್ಲಿ ನಮ್ಮ ಮಣ್ಣಿನ ಚಾವಣಿಯ ಮಾಳಿಗೆ ಮನೆಯಷ್ಟೇ ತಂಪಾಗಿರುವ, ಬಡವರ ಕೈಗೆಟುಕುವ ಮನೆಯನ್ನು ಯಾರು ಯೋಚಿಸಬೇಕು? ಇಲ್ಲೇ ಓದಿದ ಮಕ್ಕಳು ತಾನೇ? ಅವರಿಗೆ ಅರ್ಧಂಬರ್ಧ ಕಲಿಸಿದರೆ ಆ ಹೊರೆ ಕೊನೆಗೆ ಬೀಳುವುದು ಇದೇ ಹಳ್ಳಿಗಳ ಮೇಲೆ.

ಅತಿಥಿ ಶಿಕ್ಷಕರ ಬಗ್ಗೆಯೂ ಒಂದು ಮಾತು. ಆಫೀಸು ನಡೆಸುವ ಆರ್ಕಿಟೆಕ್ಟ್‌ಗಳು ಬಂದು ಕಲಿಸುವುದು ಒಳ್ಳೆಯದೇ. ಆದರೆ ತಾಸಿಗಿಷ್ಟು ಎಂಬ ಅಲ್ಪ ಸಂಭಾವನೆ, ಅದೂ ತಿಂಗಳುಗಟ್ಟಲೆ ತಡವಾದರೆ ಯಾರು ಉಳಿಯುತ್ತಾರೆ?

ಆದ್ದರಿಂದ ಕೇಳಿಕೊಳ್ಳುತ್ತೇನೆ. ಇನ್‌ಸ್ಪೆಕ್ಷನ್ ತಂಡ ಹೇಳದೆ, ಕೇಳದೆ, ಸೆಮಿಸ್ಟರಿನ ನಡುವೆ ಸ್ಟುಡಿಯೊ ನಡೆಯುವ ಮಧ್ಯಾಹ್ನ ಬರಲಿ. ಎಷ್ಟು ಶಿಕ್ಷಕರು ಟೇಬಲ್ಲಿನ ಬಳಿ ಇದ್ದಾರೆ, ವರ್ಕ್‌ಶಾಪ್ ಬೀಗ ತೆಗೆದಿದೆಯೇ ಎಂದು ಕಣ್ಣಾರೆ ನೋಡಲಿ. ಪ್ರಾಂಶುಪಾಲರಿಲ್ಲದ ಕೋಣೆಯಲ್ಲಿ ಮಕ್ಕಳನ್ನು ಮಾತಾಡಿಸಲಿ. ಕಂಡದ್ದನ್ನು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಕನ್ನಡದಲ್ಲಿ ಹಾಕಿಸಿ. ಸೀಟು ತೆಗೆದುಕೊಳ್ಳುವ ಮೊದಲೇ ತಂದೆ-ತಾಯಿ ಓದುವಂತಿರಲಿ. ಸ್ಮಾರಕಗಳ ಅಳತೆಗೆ ಪ್ರತಿ ಸಲ ಪತ್ರ ಹಿಡಿದು ಅಲೆಯುವುದು ತಪ್ಪಬೇಕು. ಪುರಾತತ್ವ ಇಲಾಖೆಯ ಧಾರವಾಡ ವಲಯದೊಂದಿಗೆ ಮಾತಾಡಿ ವರ್ಷವಿಡೀ ನಡೆಯುವ ಒಂದು ಒಪ್ಪಂದ ಮಾಡಿಸಿ. ಮುಂದಿನ ಪ್ರವೇಶ ಶುರುವಾಗುವ ಮೊದಲು ಇದರಲ್ಲಿ ಏನು ಮಾಡುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ವಿಜಯಪುರದ ಒಬ್ಬ ಆರ್ಕಿಟೆಕ್ಟ್